ಲಂಡನ್‌ಗೆ ಹೊಸಬರೇ, ಆಡಲು ಜಾಗ ಇದೆ ಬನ್ನಿ

ನಮ್ಮೂರಲ್ಲಿ ಖಾಲಿ ಜಾಗ ಕಂಡರೆ ಸಾಕು, ಮೂರು ಕೋಲು ನೆಟ್ಟು ಆಟ ಶುರು ಮಾಡ್ತೀವಿ, ಅಲ್ವಾ? ಲಂಡನ್‌ನಲ್ಲಿ ಖಾಲಿ ಕಾಣುವ ಕೋರ್ಟ್ ಕೂಡ ಇನ್ನು ಹತ್ತು ನಿಮಿಷಕ್ಕೆ ಯಾರದೋ ಹೆಸರಲ್ಲಿ ಬುಕ್ ಆಗಿರುತ್ತದೆ. ಇದು ಗೊತ್ತಿಲ್ಲದೆ ನನ್ನ ಮೊದಲ ಬೇಸಿಗೆ ಪೂರ್ತಿ ಬೇಲಿಯ ಆಚೆ ನಿಂತು ನೋಡುವುದರಲ್ಲೇ ಹೋಯಿತು. ನಿಮಗೆ ಹಾಗಾಗಬಾರದು.

ನಿಮ್ಮ ಬರೋ, ಅಂದರೆ ತನ್ನದೇ ಸ್ಥಳೀಯ ಕೌನ್ಸಿಲ್ ಇರುವ ನಗರದ ವಿಭಾಗ, ಯಾವುದು ಅಂತ ಮೊದಲು ತಿಳಿದುಕೊಳ್ಳಿ. ಮನೆಗೆ ಬರುವ ಕೌನ್ಸಿಲ್ ಟ್ಯಾಕ್ಸ್ ಬಿಲ್ ಮೇಲೆ ಇರುತ್ತದೆ. ಇಲ್ಲಿ 32 ಬರೋಗಳಿವೆ, ನಗರದ ನಡುವಿನ ಪುಟ್ಟ ಭಾಗವಾದ ಸಿಟಿ ಆಫ್ ಲಂಡನ್ ಬೇರೆ. ಹೆಚ್ಚಿನ ಪಾರ್ಕ್‌ಗಳನ್ನು ನೋಡಿಕೊಳ್ಳುವುದು ಆಯಾ ಕೌನ್ಸಿಲ್. ಹೈಡ್ ಪಾರ್ಕ್, ರೀಜೆಂಟ್ಸ್ ಪಾರ್ಕ್‌ನಂಥವು ಮಾತ್ರ ರಾಯಲ್ ಪಾರ್ಕ್ಸ್ ಅನ್ನುವ ಸಂಸ್ಥೆಯವರದ್ದು. ಪಕ್ಕದ ಬರೋದಲ್ಲೂ ನೀವು ಆಡಬಹುದು, ಯಾರೂ ಬೇಡ ಅನ್ನುವುದಿಲ್ಲ.

ಟೆನಿಸ್‌ನಿಂದ ಶುರು ಮಾಡುವುದು ಸುಲಭ. ಸರ್ಕಾರ ಮತ್ತು ಬ್ರಿಟನ್ನಿನ ಟೆನಿಸ್ ಸಂಸ್ಥೆ ಎಲ್‌ಟಿಎ ಸೇರಿ ಬ್ರಿಟನ್ ತುಂಬ 3,000ಕ್ಕೂ ಜಾಸ್ತಿ ಪಾರ್ಕ್ ಕೋರ್ಟ್‌ಗಳನ್ನು ರಿಪೇರಿ ಮಾಡಿಸಿವೆ. ಎಲ್‌ಟಿಎ ವೆಬ್‌ಸೈಟ್‌ನಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಹತ್ತಿರದ ಕೋರ್ಟ್ ಸಿಗುತ್ತದೆ. ಎಷ್ಟೋ ಕಡೆ ಬುಕ್ ಮಾಡಿದ ಮೇಲೆ ಗೇಟಿನ ಕೋಡ್ ಈಮೇಲ್‌ಗೆ ಬರುತ್ತದೆ. ಗೇಟಿನ ಪುಟ್ಟ ಕೀಪ್ಯಾಡ್‌ನಲ್ಲಿ ಅದನ್ನು ಒತ್ತಿದರೆ ಬಾಗಿಲು ಬಿಡುತ್ತದೆ. ಕೋಡ್ ನಿಮ್ಮ ಹೊತ್ತಿಗೆ ಮಾತ್ರ. ಜೊತೆಗಾರರಿಲ್ಲ, ರ‍್ಯಾಕೆಟ್ ಇಲ್ಲ ಅಂತ ಹಿಂಜರಿಯಬೇಡಿ. ಹಲವು ಪಾರ್ಕ್‌ಗಳಲ್ಲಿ ವಾರಕ್ಕೊಮ್ಮೆ ಉಚಿತ ಸೆಷನ್ ನಡೆಯುತ್ತದೆ, ರ‍್ಯಾಕೆಟ್ ಅವರೇ ಕೊಡುತ್ತಾರೆ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆ ನೋಡಲು ಹೇಗೂ ಹೋಗೇ ಹೋಗ್ತೀರಿ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲೇ ಆರ್ಚ್‌ಬಿಷಪ್ಸ್ ಪಾರ್ಕ್‌ನಲ್ಲಿ ಟೆನಿಸ್ ಕೋರ್ಟ್‌ಗಳಿವೆ.

ಕ್ರಿಕೆಟ್ ವಿಷಯದಲ್ಲಿ ಸ್ವಲ್ಪ ಜೋಪಾನ. ಮೈದಾನದ ನಡುವೆ ಹಗ್ಗ ಕಟ್ಟಿದ, ನುಣ್ಣಗೆ ಕತ್ತರಿಸಿದ ಹುಲ್ಲಿನ ಚೌಕ ಕಾಣುತ್ತದೆ. ಅದೇ ಸ್ಕ್ವೇರ್, ಪಂದ್ಯದ ಪಿಚ್‌ಗಳಿರುವ ಜಾಗ. ಅದನ್ನು ತಿಂಗಳುಗಟ್ಟಲೆ ಸಾಕಿರುತ್ತಾರೆ. ಒಮ್ಮೆ ಚೆಂಡು ತರಲು ನಾನು ಹಗ್ಗ ದಾಟಿದೆ. ದೂರದಿಂದ ಓಡಿ ಬಂದ ಗ್ರೌಂಡ್ಸ್‌ಮನ್ ಬೈಯಲಿಲ್ಲ. ನೆಲಕ್ಕೆ ಬಗ್ಗಿ, ನನ್ನ ಹಿಮ್ಮಡಿ ಊರಿದ ಕುಳಿಯನ್ನು ಬೆರಳಿಂದ ಮುಟ್ಟಿ ತೋರಿಸಿದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಟೆನಿಸ್ ಬಾಲ್ ಕ್ರಿಕೆಟ್ ಆಡುವವರು ಕೃತಕ ಹಾಸಿನ ಪಿಚ್ ಅಥವಾ ನೆಟ್ಸ್ ಹುಡುಕಿ. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ಕೆಲಸ ಮುಗಿಸಿ ಬಂದು ಆರಾಮಾಗಿ ಆಡಬಹುದು. ಸೆಪ್ಟೆಂಬರ್ ಬಂತೆಂದರೆ ಎಷ್ಟೋ ಮೈದಾನ ಫುಟ್‌ಬಾಲ್‌ನವರ ಪಾಲು.

ಫ್ಲಾಟ್‌ಗಳ ನಡುವೆ ಎತ್ತರದ ಜಾಲರಿ ಹಾಕಿದ ಅಂಗಳವಿದ್ದರೆ ಅದು ಮಕ್ಕಳು 'ಕೇಜ್' ಅನ್ನುವ ಜಾಗ. ಸಾಮಾನ್ಯವಾಗಿ ದುಡ್ಡಿಲ್ಲ, ಬುಕಿಂಗ್ ಇಲ್ಲ. ಆಡುತ್ತಿರುವವರನ್ನು ಮುಂದಿನ ಆಟಕ್ಕೆ ಸೇರಿಸಿಕೊಳ್ತೀರಾ ಅಂತ ಕೇಳಿ. ಸುಮ್ನೆ ನಿಂತಿದ್ದರೆ ನೋಡಲು ಬಂದಿದ್ದೀರಿ ಅಂದುಕೊಳ್ಳುತ್ತಾರೆ.

ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ಆಗ ಲೆಷರ್ ಸೆಂಟರ್ ಅನ್ನುವ ಒಳಾಂಗಣ ಕ್ರೀಡಾ ಕೇಂದ್ರದ ಬ್ಯಾಡ್ಮಿಂಟನ್ನೇ ಗತಿ, ಹಾಗಾಗಿ ಸಂಜೆಯ ಕೋರ್ಟ್‌ಗೆ ಪೈಪೋಟಿ ಜಾಸ್ತಿ. ನೆಲದ ಮೇಲೆ ನಾಲ್ಕಾರು ಆಟಗಳ ಗೆರೆಗಳು ಬೇರೆ ಬೇರೆ ಬಣ್ಣದಲ್ಲಿರುತ್ತವೆ, ನಿಮ್ಮ ಬಣ್ಣ ಯಾವುದು ಅಂತ ಮೊದಲೇ ನೋಡಿಕೊಳ್ಳಿ. ನೆಲದ ಮೇಲೆ ಕಲೆ ಮಾಡದ ಸೋಲ್‌ನ ಶೂ ಬೇಕು. ಕೆಲವು ಕಡೆ ನೆಟ್ ನಾವೇ ಕಟ್ಟಬೇಕು, ಆ ಐದು ನಿಮಿಷವೂ ನಿಮ್ಮ ಗಂಟೆಯಲ್ಲೇ ಹೋಗುತ್ತದೆ. ಮುಂದಿನ ವಾರದ ಬುಕಿಂಗ್ ಯಾವ ದಿನ, ಎಷ್ಟು ಹೊತ್ತಿಗೆ ತೆರೆಯುತ್ತದೆ ಅಂತ ಕೌಂಟರ್‌ನಲ್ಲಿ ಕೇಳಿ, ಅಲ್ಲೇ ನಿಂತು ಫೋನಿನಲ್ಲಿ ಅಲಾರಂ ಇಟ್ಟುಬಿಡಿ.