ಐಡ್ಲಿಂಗ್ 1500ರಿಂದ ಇಳಿಯದ ಗಾಡಿ: ಟ್ರಿಮ್ ನಂಬದೆ ಹೊಗೆ ಬಿಟ್ಟು ಹಿಡಿದದ್ದು

ಕೇಬಲ್ ಥ್ರಾಟಲ್, ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡ್, ಅಂದ್ರೆ ಸಿಲಿಂಡರ್‌ಗಳಿಗೆ ಗಾಳಿ ಹಂಚೋ ಕೊಳವೆ, ಅದರೊಳಗಿನ ಒತ್ತಡ ಅಳೆಯೋದು) ಇರುವ ಹಳೆಯ ಮೂರು ಸಿಲಿಂಡರ್ ಪೆಟ್ರೋಲ್ ಗಾಡಿ. ಫ್ಯಾನ್ ಒಂದು ಸುತ್ತು ಓಡಿ ನಿಂತ ಮೇಲೂ, ಅಂದ್ರೆ ಎಂಜಿನ್ ಪೂರ್ತಿ ಬಿಸಿಯಾದ ಮೇಲೂ, ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡೋ ವೇಗ) 1500 ಆರ್‌ಪಿಎಂ ಆಸುಪಾಸು. ಇರಬೇಕಾದ್ದು 850. ನೋಡಿದವರದ್ದೆಲ್ಲ ಒಂದೇ ಮಾತು: "ಫ್ಯುಯೆಲ್ ಟ್ರಿಮ್ ಸೊನ್ನೆ ಹತ್ರಾನೇ ಇದೆ, ಎಲ್ಲೂ ಗಾಳಿ ಎಳೀತಿಲ್ಲ, ಥ್ರಾಟಲ್ ಬಾಡಿ ಬದಲಾಯಿಸಿ." ಥ್ರಾಟಲ್ ಬಾಡಿ ಅಂದ್ರೆ ಎಂಜಿನ್‌ಗೆ ಹೋಗೋ ಗಾಳಿಯನ್ನ ತೆರೆದು ಮುಚ್ಚೋ ಭಾಗ, ಅದಕ್ಕೆ ಏಳೆಂಟು ಸಾವಿರ. ಫ್ಯುಯೆಲ್ ಟ್ರಿಮ್ ಅಂದ್ರೆ ಎಂಜಿನ್ ಕಂಪ್ಯೂಟರ್ (ಇಸಿಎಂ) ಪೆಟ್ರೋಲ್ ಲೆಕ್ಕಕ್ಕೆ ಮಾಡೋ ತಿದ್ದುಪಡಿ. ಗಾಳಿ ಎಳೀತಿದೆ ಅನ್ನೋ ನನ್ನ ಲೆಕ್ಕಾನೇ ಸರಿಯಾಯ್ತು.

ಏರ್‌ಫ್ಲೋ ಸೆನ್ಸರ್ ಇರುವ ಗಾಡೀಲಿ ಲೀಕ್ ಗಾಳಿ ಲೆಕ್ಕಕ್ಕೆ ಬರಲ್ಲ, ಹಾಗಾಗಿ ಟ್ರಿಮ್ ಪ್ಲಸ್‌ಗೆ ಏರುತ್ತೆ. ಮ್ಯಾಪ್ ಗಾಡೀಲಿ ಗಾಳಿ ಯಾವ ಸಂದೀಲಿ ನುಗ್ಗಿದ್ರೂ ಮ್ಯಾನಿಫೋಲ್ಡ್ ಒತ್ತಡದಲ್ಲಿ ಸೇರಿಕೊಳ್ಳುತ್ತೆ. ಇಸಿಎಂ ಅದಕ್ಕೆ ತಕ್ಕ ಪೆಟ್ರೋಲ್ ಹಾಕುತ್ತೆ. ಟ್ರಿಮ್ ಅಷ್ಟಾಗಿ ಅಲುಗಲ್ಲ, ಆರ್‌ಪಿಎಂ ಏರುತ್ತೆ.

ಸ್ಕ್ಯಾನರ್‌ನಲ್ಲಿ ನೋಡಬೇಕಾದ್ದು ಐಡಲ್ ವಾಲ್ವ್‌ಗೆ (ಥ್ರಾಟಲ್ ಮುಚ್ಚಿದ್ದಾಗ ಐಡ್ಲಿಂಗ್‌ಗೆ ಬೇಕಾದ ಗಾಳಿ ಬಿಡೋದು) ಇಸಿಎಂನಿಂದ ಹೋಗ್ತಿರೋ ಕಮಾಂಡ್. ವಾಲ್ವ್ ತೆರಿ ಅಂತಿದ್ರೆ ಇಸಿಎಂ ತಾನೇ ರೇಸ್ ಕೇಳ್ತಿದೆ: ಕೂಲಂಟ್ ಸೆನ್ಸರ್, ಎಸಿ ಸಿಗ್ನಲ್ ನೋಡಿ. ಕೂಲಂಟ್ ಸೆನ್ಸರ್ ಕನೆಕ್ಟರ್ ಬಿಚ್ಚಿ ಅದಕ್ಕೆ ಸುಮಾರು 300 ಓಮ್ ರೆಸಿಸ್ಟರ್ ಸಿಕ್ಕಿಸಿದ್ರೆ ಎಂಜಿನ್ 80 ಡಿಗ್ರೀಲಿದೆ ಅಂತ ಇಸಿಎಂ ನಂಬುತ್ತೆ. ಐಡ್ಲಿಂಗ್ ಇಳೀತಾ? ತಪ್ಪು ಆ ಕಡೇನೇ. ಥರ್ಮೋಸ್ಟಾಟ್ ಕಿತ್ತೆಸೆದ ಗಾಡಿಗಳಲ್ಲಿ ಇದೇ ಪಾಡು, ಎಂಜಿನ್ ಬಿಸೀನೇ ಏರಲ್ಲ. ಈ ಕೆಟ್ಟ ಚಾಳಿ ನಮ್ಮ ಕಡೆ ಇನ್ನೂ ಹೋಗಿಲ್ಲ.

ಇಲ್ಲಿ ಕಮಾಂಡ್ ಪೂರ್ತಿ ಮುಚ್ಚು ಅಂತಿತ್ತು, ಆದ್ರೂ 1500. ಐಡಲ್ ವಾಲ್ವ್ ಬದಲಾಯಿಸಿ ನೋಡಿದ್ದಕ್ಕೆ 1800 ರೂಪಾಯಿ ಹೋಯ್ತು, ಆರ್‌ಪಿಎಂ ಕದಲಲಿಲ್ಲ. ಸಂದಿಗಳ ಮೇಲೆ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಆರ್‌ಪಿಎಂ ಬದಲಾಗುತ್ತಾ ಅಂತ ನೋಡಿದ್ದೂ ಉಪಯೋಗಕ್ಕೆ ಬರಲಿಲ್ಲ. ಮ್ಯಾನಿಫೋಲ್ಡ್ ಕೆಳಭಾಗಕ್ಕೆ ಅದು ತಲುಪಲ್ಲ, ಫ್ಯಾನ್ ಗಾಳಿ ಎತ್ತಲೋ ಹಾರಿಸುತ್ತೆ, ಬಿಸಿ ಎಕ್ಸಾಸ್ಟ್ ಮೇಲೆ ಬಿದ್ರೆ ಬೆಂಕಿ. ಥ್ರಾಟಲ್ ಸ್ಟಾಪ್ ಸ್ಕ್ರೂ ಯಾರೂ ಮುಟ್ಟಬೇಡಿ. ಅದನ್ನ ತಿರುಗಿಸಿದ್ರೆ ಟಿಪಿಎಸ್ (ಥ್ರಾಟಲ್ ಎಷ್ಟು ತೆರೆದಿದೆ ಅಂತ ಹೇಳೋ ಸೆನ್ಸರ್) ವೋಲ್ಟೇಜೂ ಸರಿಯುತ್ತೆ, ಒಂದರ ಜಾಗದಲ್ಲಿ ಎರಡು ಕಂಪ್ಲೇಂಟ್ ಆಗುತ್ತೆ.

ಕೆಲಸ ಕೊಟ್ಟಿದ್ದು ಮುಚ್ಚಿ ನೋಡೋ ಕ್ರಮ. ಎಂಜಿನ್ ಓಡ್ತಿರುವಾಗ ಮ್ಯಾನಿಫೋಲ್ಡ್‌ಗೆ ಸೇರೋ ಪಿಸಿವಿ (ಎಂಜಿನ್ ಒಳಗಿನ ಆವಿ ಎಳೆಯೋದು), ಬ್ರೇಕ್ ಬೂಸ್ಟರ್, ಕ್ಯಾನಿಸ್ಟರ್ ಪರ್ಜ್ (ಪೆಟ್ರೋಲ್ ಟ್ಯಾಂಕ್ ಆವಿ ಎಳೆಯೋದು) ಹೋಸ್‌ಗಳನ್ನ ಒಂದೊಂದಾಗಿ ಒತ್ತಿ ಹಿಡಿದೆ. ವ್ಯತ್ಯಾಸ ಇಲ್ಲ. ಮೂರನ್ನೂ ಒತ್ತಿಟ್ಟು, ಏರ್ ಪೈಪ್ ಬಿಚ್ಚಿ, ಥ್ರಾಟಲ್ ಬಾಡಿ ಬಾಯಿಗೆ ದಪ್ಪ ರಬ್ಬರ್ ಶೀಟ್ ಮುಚ್ಚಿದೆ. ಎಂಜಿನ್ ತಕ್ಷಣ ಆಫ್ ಆಗಬೇಕು. ಆಗಲಿಲ್ಲ, ಒದ್ದಾಡ್ತಾ ಓಡ್ತಾನೇ ಇತ್ತು. ಅಲ್ಲಿಗೆ ಥ್ರಾಟಲ್ ಬಾಡಿ, ವಾಲ್ವ್ ಎರಡೂ ನಿರ್ದೋಷಿ. ಗಾಳಿ ಅದರ ಆಚೆಯಿಂದ ಬರ್ತಿದೆ.

ಆಮೇಲೆ ಹೊಗೆ: ಮ್ಯಾನಿಫೋಲ್ಡ್ ಒಳಗೆ ಬಿಟ್ರೆ ಗಾಳಿ ನುಗ್ಗೋ ಸಂದಿಯಿಂದಲೇ ಹೊರಗೆ ಬರುತ್ತೆ. ಮುಚ್ಚಳ ಬಿಗಿಯಾದ ಪೇಂಟ್ ಡಬ್ಬಿ, ಹಳೆಯ ಡೀಸೆಲ್ ಗಾಡಿಯ 11 ವೋಲ್ಟ್ ಗ್ಲೋ ಪ್ಲಗ್, ಅಂದ್ರೆ ಕೆಂಪಗೆ ಕಾಯೋ ಹೀಟರ್ (4.4 ವೋಲ್ಟಿನದು ಬ್ಯಾಟರಿಗೆ ನೇರ ಕೊಟ್ರೆ ಸುಟ್ಟುಹೋಗುತ್ತೆ), ಹತ್ತಿ ಬತ್ತಿ, ಅರ್ಧ ಕಪ್ ಬೇಬಿ ಆಯಿಲ್, ಮೀನಿನ ತೊಟ್ಟಿಯ ಏರ್ ಪಂಪ್. ಎಲ್ಲಾ ಸೇರಿ ಆರುನೂರು ರೂಪಾಯಿ ಒಳಗೆ. ಕಂಪ್ರೆಸರ್ ಗಾಳಿ ಬೇಡ, ಅಷ್ಟು ಒತ್ತಡಕ್ಕೆ ಸೀಲ್‌ಗಳು ಹೋಗುತ್ವೆ. ಎಂಜಿನ್ ತಣ್ಣಗಿರಬೇಕು, ಪೆಟ್ರೋಲ್ ವಾಸನೆ ಎಲ್ಲೂ ಇರಬಾರದು. ಹೊಗೆ ದಟ್ಟವಾಗೋಕೆ ಬತ್ತೀನ ಹೇಗೆ ಸುತ್ತಬೇಕು ಅನ್ನೋದು ನನ್ನ ಹತ್ರಾನೇ ಇರಲಿ. ಬೂಸ್ಟರ್ ಹೋಸ್ ಕಡೆಯಿಂದ ಬಿಟ್ಟೆ. ಸೈಲೆನ್ಸರ್‌ನಲ್ಲಿ ಹೊಗೆ ಕಂಡ್ರೆ ಗಾಬರಿ ಬೇಡ, ಯಾವುದೋ ಸಿಲಿಂಡರ್‌ನ ವಾಲ್ವ್‌ಗಳು ತೆರೆದಿರುತ್ತೆ. ಎರಡು ಮೂರು ನಿಮಿಷಕ್ಕೆ ಮೂರನೇ ಸಿಲಿಂಡರ್ ಕೆಳಗೆ, ಮ್ಯಾನಿಫೋಲ್ಡ್ ಪ್ಯಾಕಿಂಗ್ ಅಂಚಿಂದ ದಾರದಷ್ಟು ತೆಳುವಾದ ಬಿಳಿ ಹೊಗೆ ಎದ್ದಿತು. ಬಿಚ್ಚಿದ್ರೆ ಪ್ಯಾಕಿಂಗ್ ಬಿಸ್ಕತ್ತಿನ ಹಾಗೆ ಮುರೀತು.

ಬೆಂಗಳೂರಿನ ಜೆ.ಸಿ. ರೋಡ್‌ನ ಬಿಡಿಭಾಗದ ಅಂಗಡೀಲಿ ಪ್ಯಾಕಿಂಗ್ ನೂರೈವತ್ತೋ ಏನೋ. ಇಂಜೆಕ್ಟರ್ ಓ-ರಿಂಗ್‌ಗಳೂ ಗಟ್ಟಿಯಾಗಿದ್ವು, ಜೊತೆಗೇ ಹಾಕಿದೆ. ಹಳೆ ಪ್ಯಾಕಿಂಗ್ ಪೂರ್ತಿ ಕೆರೆದು ತೆಗೆದು, ನಟ್‌ಗಳನ್ನ ನಡುವಿನಿಂದ ಅಂಚಿಗೆ, ಎರಡು ಸುತ್ತಲ್ಲಿ ಬಿಗಿ ಮಾಡಬೇಕು. ಸಿಲಿಕೋನ್ ಬಳಿಯಬೇಡಿ.

ಇದರ ನಡುವೆ ಇನ್ನೊಂದು ನೋಡಿಟ್ಟುಕೊಂಡೆ. ಎಂಜಿನ್ ಆಫ್, ಕೀ ಆನ್ ಮಾಡಿದ್ರೆ ಮ್ಯಾಪ್ ಬೆಂಗಳೂರಲ್ಲಿ 91 ಕಿಲೋಪಾಸ್ಕಲ್ ಆಸುಪಾಸು, ಮಂಗಳೂರಲ್ಲಿ 101. ಬೆಂಗಳೂರು ಎತ್ತರದಲ್ಲಿರೋದರಿಂದ ಗಾಳಿ ಒತ್ತಡವೇ ಕಡಿಮೆ, ವ್ಯಾಕ್ಯೂಮ್ ಗೇಜೂ ಇಲ್ಲಿ ಎರಡು ಮೂರು ಇಂಚು ಕಡಿಮೆ ತೋರಿಸುತ್ತೆ. ಪುಸ್ತಕದ ಅಂಕಿ ನೋಡಿ ಎಂಜಿನ್ ಬಿಚ್ಚಬೇಡಿ.

ಬ್ಯಾಟರಿ ನೆಗೆಟಿವ್ ಹತ್ತು ನಿಮಿಷ ತೆಗೆದಿಟ್ಟು, ಎಸಿ ಹಾಕದೆ, ಆಕ್ಸಿಲರೇಟರ್ ಮುಟ್ಟದೆ ಬಿಸಿಯಾಗೋಕೆ ಬಿಟ್ಟೆ. 850ಕ್ಕೆ ಬಂದು ನಿಂತಿತು, ಎಸಿ ಹಾಕಿದ್ರೆ 950ರ ಹತ್ತಿರ.