ತೂಕದ ಚೀಟಿ ದಾರಿಯಲ್ಲಿ ಕಳೆಯಬಾರದು: ವೆಬ್ ಸರ್ವಿಸನ್ನು ಮೆಸೇಜ್ ಕ್ಯೂಗೆ ಜೋಡಿಸುವುದು ಹೇಗೆ

ಶಿವಮೊಗ್ಗದ ಒಂದು ಅಡಿಕೆ ಮಂಡಿಯ ಸಾಫ್ಟ್‌ವೇರ್ ನಾನು ನೋಡಿಕೊಳ್ಳುತ್ತೇನೆ. ತೀರ್ಥಹಳ್ಳಿ ಕಡೆ ಅವರದ್ದೊಂದು ಗೋದಾಮು ಇದೆ. ಅಲ್ಲಿ ತೂಕ ಆದ ಕೂಡಲೇ ಚೀಟಿಯ ವಿವರ ಶಿವಮೊಗ್ಗದ ವೆಬ್ ಸರ್ವಿಸ್‌ಗೆ ಬರಬೇಕು, ರೈತರ ಖಾತೆಗೆ ಏರಬೇಕು, ಅವರ ಫೋನಿಗೆ ಎಸ್ಸೆಮ್ಮೆಸ್ ಹೋಗಬೇಕು. ಮೊದಲು ಈ ಎಲ್ಲ ಕೆಲಸ ಒಂದೇ ರಿಕ್ವೆಸ್ಟ್ ಒಳಗೆ ನಡೆಯುತ್ತಿತ್ತು. ಎಸ್ಸೆಮ್ಮೆಸ್ ಕಡೆ ನಿಧಾನ ಆಯಿತು ಅಂದರೆ ತೂಕದ ಹುಡುಗ ಸ್ಕ್ರೀನ್ ನೋಡುತ್ತಾ ನಿಲ್ಲಬೇಕು, ಟೈಮ್‌ಔಟ್ ಆದರೆ ಮತ್ತೆ ಬಟನ್ ಒತ್ತುತ್ತಾನೆ, ಆಗ ಮೂರು ಮೂಟೆ ರಾಶಿ ಅಡಿಕೆ ಖಾತೆಯಲ್ಲಿ ಆರು ಮೂಟೆ ಆಗಿ ಕೂರುತ್ತದೆ. ಆರಿದ್ರಾ ಮಳೆ ಹಿಡಿದರಂತೂ ಲೈನೇ ಇರುವುದಿಲ್ಲ.

ನಡುವೆ ಒಂದು ಮೆಸೇಜ್ ಕ್ಯೂ, ಅಂದರೆ ಬಂದ ಮೆಸೇಜ್‌ಗಳನ್ನು ಸಾಲಾಗಿ ಹಿಡಿದಿಟ್ಟುಕೊಳ್ಳುವ ಜಾಗ, ಇಟ್ಟ ಮೇಲೆ ಇದು ಸರಿಹೋಯಿತು. ಆದರೆ ಸುಮ್ನೆ ಕ್ಯೂ ಇಟ್ಟರೆ ಸಾಲದು. ಜೋಡಿಸುವಾಗ ಪ್ರತಿ ಹೆಜ್ಜೆಗೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಕ್ಷಣದಲ್ಲಿ ಈ ಚೀಟಿ ಯಾರ ಕೈಲಿದೆ? ಮುಂದಿನವರು ಹಿಡಿದುಕೊಂಡರು ಅಂತ ಗೊತ್ತಾಗುವವರೆಗೆ ಹಿಂದಿನವರು ಬಿಡಬಾರದು.

ನಾನು ಬಳಸಿದ್ದು ರ‍್ಯಾಬಿಟ್‌ಎಂಕ್ಯೂ. ಕ್ಯೂ ನಡೆಸುವ ಸರ್ವರ್ ಪ್ರೋಗ್ರಾಮ್ ಇದು. 2007ರಿಂದ ಇದೆ, ಎರ್ಲಾಂಗ್‌ನಲ್ಲಿ ಬರೆದಿದ್ದು, ಮೆಸೇಜ್ ಸಾಗಿಸುವ ಎಎಂಕ್ಯೂಪಿ ಅನ್ನುವ ನಿಯಮಾವಳಿಯ ಭಾಷೆ ಮಾತಾಡುತ್ತದೆ. ಪ್ರೋಗ್ರಾಮ್‌ಗಳು ಸೇರಿಕೊಳ್ಳುವ ಪೋರ್ಟ್ 5672, ಟಿಎಲ್‌ಎಸ್ (ದಾರಿಯಲ್ಲಿ ಯಾರೂ ಓದದ ಹಾಗೆ ಗುಟ್ಟಾಗಿಸುವ ವ್ಯವಸ್ಥೆ) ಬೇಕಿದ್ದರೆ 5671. ಮ್ಯಾನೇಜ್‌ಮೆಂಟ್ ಪ್ಲಗಿನ್ ಹಾಕಿಕೊಂಡರೆ 15672ರಲ್ಲಿ ಬ್ರೌಸರ್‌ನಲ್ಲೇ ಕ್ಯೂ ಕಾಣುತ್ತದೆ. ಗೆಸ್ಟ್ ಅನ್ನುವ ಯೂಸರ್ ಅದೇ ಮಷೀನಿನಿಂದ ಮಾತ್ರ ಒಳಗೆ ಹೋಗಬಲ್ಲ. ಬೇರೆ ಮಷೀನಿನಿಂದ ಲಾಗಿನ್ ಆಗುತ್ತಿಲ್ಲ ಅಂತ ಒದ್ದಾಡುವವರಿಗೆ ಜಾಸ್ತಿ ಸಲ ಕಾರಣ ಇದೇ. ನಿಮ್ಮದೇ ಯೂಸರ್ ಮಾಡಿ. ವೆಬ್ ಸರ್ವಿಸ್‌ಗೆ ಬರೆಯುವ ಹಕ್ಕು ಮಾತ್ರ ಕೊಡಿ, ಓದುವ ಹಕ್ಕು, ಕ್ಯೂನಿಂದ ಚೀಟಿ ತೆಗೆದು ಖಾತೆಗೆ ಏರಿಸುವ ಪ್ರೋಗ್ರಾಮ್ ಆದ ವರ್ಕರ್‌ಗೆ ಇರಲಿ.

ಈಗ ವೆಬ್ ಸರ್ವಿಸ್ ಕಡೆ. ಸೋಪ್ ಆಗಲಿ, ಜೇಸನ್ ಆಗಲಿ, ಯಾವ ರೂಪದಲ್ಲಿ ಬಂದರೂ ಚೀಟಿಯನ್ನು ಮೊದಲು ಪರೀಕ್ಷಿಸಿ. ತೂಕ ಸೊನ್ನೆ ಇದ್ದರೆ, ರೈತರ ನಂಬರ್ ಇಲ್ಲದಿದ್ದರೆ ಅಲ್ಲೇ 400 (ರಿಕ್ವೆಸ್ಟ್ ತಪ್ಪಿದೆ ಅನ್ನುವ ಉತ್ತರದ ಕೋಡ್) ಕೊಟ್ಟು ವಾಪಸ್ ಕಳಿಸಿ, ಕ್ಯೂ ಒಳಗೆ ಕಸ ಬಿಡಬೇಡಿ. ಪ್ರತಿ ರಿಕ್ವೆಸ್ಟ್‌ಗೂ ಹೊಸ ಕನೆಕ್ಷನ್ ತೆರೆಯುವುದು ಬೇಡ, ಅದು ದುಬಾರಿ. ಒಂದು ಕನೆಕ್ಷನ್ ತೆರೆದಿಡಿ, ಪ್ರತಿ ಥ್ರೆಡ್‌ಗೂ ಅದರೊಳಗೇ ಬೇರೆ ಚಾನೆಲ್ (ಉಪದಾರಿ) ಕೊಡಿ. ಪೈಥಾನ್‌ನ ಪಿಕಾ ಲೈಬ್ರರಿ ಬಳಸುವವರು ಇಲ್ಲಿ ಎಚ್ಚರ, ಅದರ ಬ್ಲಾಕಿಂಗ್ ಕನೆಕ್ಷನನ್ನು ಹಲವು ಥ್ರೆಡ್‌ಗಳ ನಡುವೆ ಹಂಚಿಕೊಳ್ಳುವ ಹಾಗಿಲ್ಲ.

ಸರ್ವರ್ ರೀಸ್ಟಾರ್ಟ್ ಆದರೂ ಚೀಟಿ ಉಳಿಯಬೇಕಲ್ವಾ? ಅದಕ್ಕೆ ಎರಡು ಬೇಕು. ಕ್ಯೂ ಡ್ಯೂರಬಲ್ (ರೀಸ್ಟಾರ್ಟ್ ಆದರೂ ಉಳಿಯುವಂಥದ್ದು) ಆಗಿರಬೇಕು, ಮೆಸೇಜ್ ಮೇಲೆ ಡೆಲಿವರಿ ಮೋಡ್ 2, ಅಂದರೆ ಡಿಸ್ಕಿಗೆ ಬರೆದಿಡು, ಅಂತ ಬರೆದಿರಬೇಕು. ಮೊದಲನೆಯದನ್ನು ಮಾತ್ರ ಮಾಡಿದರೆ ಕ್ಯೂ ಉಳಿಯುತ್ತದೆ, ಒಳಗಿದ್ದದ್ದು ಹೋಗುತ್ತದೆ. ಇದರ ಜೊತೆಗೆ ಪಬ್ಲಿಷರ್ ಕನ್ಫರ್ಮ್ ಆನ್ ಮಾಡಿ. ಮೆಸೇಜ್ ತಲುಪಿತು ಅಂತ ಸರ್ವರ್ ಹೇಳಿದ ಮೇಲೆಯೇ ವೆಬ್ ಸರ್ವಿಸ್ ತನ್ನ ಕಡೆಯಿಂದ 202 ಹೇಳಲಿ. 200 ಅಲ್ಲ, 202. ಕೆಲಸ ಮುಗಿದಿಲ್ಲ, ಒಪ್ಪಿಕೊಂಡಿದ್ದೇವೆ ಅಷ್ಟೇ ಅನ್ನುವುದು ಅದರ ಅರ್ಥ. ಕನ್ಫರ್ಮ್ ಬರಲಿಲ್ಲವೋ, 503 (ಸದ್ಯಕ್ಕೆ ಆಗುತ್ತಿಲ್ಲ) ಕೊಡಿ, ಕಳಿಸಿದವರು ಮತ್ತೆ ಕಳಿಸಲಿ.

ಇಲ್ಲೊಂದು ಗುಂಡಿ ಇದೆ, ನಾನು ಅದರಲ್ಲಿ ಬಿದ್ದಿದ್ದೇನೆ. ಮೆಸೇಜ್ ಮೇಲಿನ ಕೀ (ವಿಳಾಸದ ಪದಗಳು) ನೋಡಿ ಕ್ಯೂಗಳಿಗೆ ಹಂಚುವ ಟಾಪಿಕ್ ಎಕ್ಸ್‌ಚೇಂಜ್ ಇಟ್ಟು, ‘ತೂಕ.*’ ಅಂತ ಕ್ಯೂ ಕಟ್ಟಿದ್ದೆ. ‘ತೂಕ.ರಾಶಿ’, ‘ತೂಕ.ಬೆಟ್ಟೆ’, ‘ತೂಕ.ಗೊರಬಲು’ ಎಲ್ಲ ಸರಿಯಾಗಿ ಬರುತ್ತಿದ್ದವು. ಆಮೇಲೆ ಯಾವ ಗೋದಾಮು ಅಂತಲೂ ಗೊತ್ತಾಗಲಿ ಎಂದು ಕೀಯನ್ನು ‘ತೂಕ.ತೀರ್ಥಹಳ್ಳಿ.ರಾಶಿ’ ಮಾಡಿದೆ. ನಕ್ಷತ್ರ ಚಿಹ್ನೆ ಹಿಡಿಯುವುದು ಒಂದೇ ಒಂದು ಪದ. ಎಷ್ಟು ಪದ ಇದ್ದರೂ ಹಿಡಿಯಬೇಕು ಅಂದರೆ ‘ತೂಕ.#’ ಬರೆಯಬೇಕಿತ್ತು. ಅವತ್ತು ಮಧ್ಯಾಹ್ನದವರೆಗೆ ಬಂದ ಚೀಟಿಗಳೆಲ್ಲ ಯಾವ ಕ್ಯೂಗೂ ಹೋಗಲಿಲ್ಲ. ಯಾವ ಎರರ್ರೂ ಇಲ್ಲ, ಲಾಗ್ ಪೂರ್ತಿ ಹಸಿರು, ಯಾಕೆಂದರೆ ದಾರಿ ಸಿಗದ ಮೆಸೇಜನ್ನು ರ‍್ಯಾಬಿಟ್‌ಎಂಕ್ಯೂ ಸದ್ದಿಲ್ಲದೆ ಬಿಸಾಕುತ್ತದೆ, ಕನ್ಫರ್ಮನ್ನೂ ಕೊಡುತ್ತದೆ! ಕಾಗದದ ಚೀಟಿಯ ಪುಸ್ತಕ ಇತ್ತು, ಅದನ್ನು ನೋಡಿ ಒಂದೊಂದಾಗಿ ಮತ್ತೆ ಹಾಕಿದೆವು. ಹಾಗಾಗಿ ಕಳಿಸುವಾಗ ಮ್ಯಾಂಡೇಟರಿ ಫ್ಲ್ಯಾಗ್ ಹಾಕಲೇಬೇಕು. ಆಗ ದಾರಿ ಸಿಗದ ಮೆಸೇಜ್ ಕನ್ಫರ್ಮ್‌ಗಿಂತ ಮೊದಲು ನಿಮ್ಮ ಕೈಗೇ ವಾಪಸ್ ಬರುತ್ತದೆ, ನೀವು 503 ಕೊಡಬಹುದು.

ವರ್ಕರ್ ಕಡೆ ನಿಯಮ ಇನ್ನೂ ಸರಳ. ಅಕ್ ಅಂದರೆ ಈ ಮೆಸೇಜ್ ಕೆಲಸ ಮುಗಿಯಿತು, ತೆಗೆದುಹಾಕು ಅಂತ ಕ್ಯೂಗೆ ಹೇಳುವುದು. ಆಟೋ ಅಕ್ ಬೇಡ. ಚೀಟಿಯನ್ನು ಡೇಟಾಬೇಸ್‌ಗೆ ಬರೆದು, ಕಮಿಟ್ ಆದ ಮೇಲೆ ಅಕ್ ಕಳಿಸಿ. ಕಮಿಟ್ ಆಗಿ, ಅಕ್ ಹೋಗುವ ಮೊದಲೇ ಕರೆಂಟ್ ಹೋದರೆ? ಅದೇ ಚೀಟಿ ಮತ್ತೆ ಬರುತ್ತದೆ. ಬಂದೇ ಬರುತ್ತದೆ ಅಂದುಕೊಂಡೇ ಬರೆಯಿರಿ. ತೂಕದ ಮಷೀನಿನಲ್ಲೇ ಪ್ರತಿ ಚೀಟಿಗೂ ಒಂದು ಗುರುತಿನ ನಂಬರ್ ಹುಟ್ಟಬೇಕು, ಬಟನ್ ಎರಡು ಸಲ ಒತ್ತಿದರೂ ಆ ನಂಬರ್ ಬದಲಾಗಬಾರದು, ಮತ್ತೆ ಖಾತೆಯ ಟೇಬಲ್‌ನಲ್ಲಿ ಆ ಕಾಲಮ್ ಯುನೀಕ್ ಆಗಿರಬೇಕು. ಎರಡನೇ ಸಲ ಬಂದರೆ ಡೇಟಾಬೇಸೇ ತಡೆಯುತ್ತದೆ, ನೀವು ಅಕ್ ಕೊಟ್ಟು ಮುಂದೆ ಹೋಗಿ. ಎಸ್ಸೆಮ್ಮೆಸ್‌ಗೆ ಬೇರೆ ಕ್ಯೂ ಇಡಿ, ಅದು ತಡವಾದರೂ ಖಾತೆ ನಿಲ್ಲುವುದಿಲ್ಲ.

ಪ್ರಿಫೆಚ್, ಅಂದರೆ ಅಕ್ ಬರುವ ಮೊದಲು ವರ್ಕರ್‌ಗೆ ಒಟ್ಟಿಗೆ ಕೊಡುವ ಮೆಸೇಜ್‌ಗಳ ಸಂಖ್ಯೆ, 10ರಿಂದ ಶುರು ಮಾಡಿ, ಅದು ಸಾಕು. ಓದಲಾಗದ ಮೆಸೇಜನ್ನು ಮಾತ್ರ ಮತ್ತೆ ಅದೇ ಕ್ಯೂಗೆ ತಳ್ಳಬೇಡಿ. ತಳ್ಳಿದ ತಕ್ಷಣ ವಾಪಸ್ ಬರುತ್ತದೆ, ಮತ್ತೆ ತಳ್ಳುತ್ತೀರಿ, ಹೀಗೇ ಸುತ್ತುತ್ತಾ ಸಿಪಿಯು ತಿನ್ನುತ್ತದೆ. ರೀಕ್ಯೂ ಇಲ್ಲದೆ ತಿರಸ್ಕರಿಸಿ, ಡೆಡ್ ಲೆಟರ್ ಎಕ್ಸ್‌ಚೇಂಜ್ ಮೂಲಕ ಪಕ್ಕದ ಕ್ಯೂಗೆ ಬೀಳುವ ಹಾಗೆ ಮಾಡಿ, ದಿನಕ್ಕೊಮ್ಮೆ ಅದನ್ನು ತೆರೆದು ನೋಡಿ. ಈ ಸೆಟ್ಟಿಂಗನ್ನು ಈಗಾಗಲೇ ಇರುವ ಕ್ಯೂಗೆ ಕೋಡ್‌ನಿಂದ ಸೇರಿಸಹೊರಟರೆ 406 ಎರರ್ ಬಂದು ಚಾನೆಲ್ ಮುಚ್ಚುತ್ತದೆ. ಸರ್ವರ್‌ನಲ್ಲೇ ಬರೆಯುವ ಪಾಲಿಸಿ ಮೂಲಕ ಹಾಕಿದರೆ ಆ ರಗಳೆ ಇಲ್ಲ.

ಇನ್ನು ನಮ್ಮ ಮಲೆನಾಡಿನ ವಿಷಯ. ಕ್ಯೂ ಎಲ್ಲಿರಬೇಕು? ಮೊದಲು ಶಿವಮೊಗ್ಗದಲ್ಲಿ ಇಟ್ಟಿದ್ದೆವು. ಆದರೆ ಮಳೆಗಾಲದಲ್ಲಿ ಕೈಕೊಡುವುದು ಸರ್ವರ್ ಅಲ್ಲ, ದಾರಿ. ಮರ ಬಿದ್ದು ಕೇಬಲ್ ಹರಿದರೆ ಚೀಟಿ ಕ್ಯೂವರೆಗೆ ತಲುಪುವುದೇ ಇಲ್ಲ, ಅತ್ತ ಎಷ್ಟು ಗಟ್ಟಿ ಕ್ಯೂ ಇದ್ದು ಏನು ಬಂತು? ಹಾಗಾಗಿ ಗೋದಾಮಿನಲ್ಲೇ ಒಂದು ಸಣ್ಣ ಕಂಪ್ಯೂಟರ್ ಇಟ್ಟೆವು, ಯುಪಿಎಸ್ ಸಮೇತ. ವೆಬ್ ಸರ್ವಿಸ್ಸೂ ರ‍್ಯಾಬಿಟ್‌ಎಂಕ್ಯೂವೂ ಅದರಲ್ಲೇ ಓಡುತ್ತವೆ. ತೂಕದ ಹುಡುಗನಿಗೆ ಉತ್ತರ ಅಲ್ಲಿಂದಲೇ ಸಿಗುತ್ತದೆ, ಕಾಯುವುದಿಲ್ಲ. ಅಲ್ಲಿಂದ ಶಿವಮೊಗ್ಗಕ್ಕೆ ಸಾಗಿಸಲು ಶವಲ್ ಅನ್ನುವ ಪ್ಲಗಿನ್ ಇದೆ. ಲೈನ್ ಬಂದಾಗ ತಾನೇ ಜೋಡಿಸಿಕೊಳ್ಳುತ್ತದೆ, ಶಿವಮೊಗ್ಗದ ಸರ್ವರ್ ಕನ್ಫರ್ಮ್ ಕೊಟ್ಟ ಮೇಲಷ್ಟೇ ಗೋದಾಮಿನ ಕ್ಯೂನಿಂದ ತೆಗೆಯುತ್ತದೆ. ದಾರಿಯಲ್ಲಿ ಟಿಎಲ್‌ಎಸ್ ಹಾಕಿ, ರೈತರ ನಂಬರ್ ಹೋಗುತ್ತಿರುತ್ತದೆ. ಡಿಸ್ಕ್ ಮೇಲೂ ಕಣ್ಣಿಡಿ. ಖಾಲಿ ಜಾಗ 50 ಎಂಬಿಗಿಂತ ಕೆಳಗೆ ಹೋದರೆ ಸರ್ವರ್ ಹೊಸ ಮೆಸೇಜ್ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ. ಅದು ಮೊದಲೇ ಇಟ್ಟಿರುವ ಮಿತಿ, ತುಂಬಾ ಕಡಿಮೆ, ಜಾಸ್ತಿ ಮಾಡಿಕೊಳ್ಳಿ.

ಚಾಲೂ ಮಾಡುವ ಮೊದಲು ಕೆಡಿಸಿ ನೋಡಿ. ವರ್ಕರ್ ನಿಲ್ಲಿಸಿ ಇಪ್ಪತ್ತು ಚೀಟಿ ಕಳಿಸಿ. ಸರ್ವರ್ ರೀಸ್ಟಾರ್ಟ್ ಮಾಡಿ. ನಡುವೆ ನೆಟ್ ಕೇಬಲ್ ಕಿತ್ತು, ಹತ್ತು ನಿಮಿಷ ಬಿಟ್ಟು ಚುಚ್ಚಿ. ಆ ಇಪ್ಪತ್ತರಲ್ಲಿ ಒಂದು ಚೀಟಿಯನ್ನು ಎರಡು ಸಲ ಕಳಿಸಿ. ಆಮೇಲೆ ವರ್ಕರ್ ಶುರು ಮಾಡಿ ಖಾತೆ ತೆಗೆಯಿರಿ. ಅಲ್ಲಿ ಇಪ್ಪತ್ತೇ ಇರಬೇಕು, ಹತ್ತೊಂಬತ್ತೂ ಅಲ್ಲ, ಇಪ್ಪತ್ತೊಂದೂ ಅಲ್ಲ.