ಜೇನು ಪೆಟ್ಟಿಗೆಗೆ ಯಾವ ಮೊಳೆ ಗನ್? ಮೂರು ವರ್ಷ ದುಡ್ಡು ಸುರಿದು ಕಂಡುಕೊಂಡದ್ದು

ಕಳೆದ ಜುಲೈನಲ್ಲಿ ಒಂದು ಸಂಜೆ, ಪೆಟ್ಟಿಗೆಯೊಳಗೆ ಜೇನು ಎರಿ ಕಟ್ಟುವ ಚೌಕಟ್ಟುಗಳಲ್ಲಿ ಎಂಟಕ್ಕೆ ಮೊಳೆ ಹೊಡೆದು ಮುಗಿಸಿದ್ದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಶಿರಸಿ ಕಡೆಯ ಮಳೆಗಾಲ ಗೊತ್ತಿದ್ದವರಿಗೆ ಇದು ಹೊಸದಲ್ಲ. ತಲೆಗೆ ಟಾರ್ಚ್ ಕಟ್ಟಿಕೊಂಡು ಉಳಿದ ಎಂಟನ್ನೂ ಅಲ್ಲೇ ಮುಗಿಸಿದೆ. ನನ್ನದು ಗಾಳಿಯ ಒತ್ತಡದಿಂದ ಮೊಳೆ ಹೊಡೆಯುವ ಗನ್, ಕಂಪ್ರೆಸರ್ ಟ್ಯಾಂಕಿನಲ್ಲಿದ್ದ ಗಾಳಿ ಸಾಕಾಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ನಮ್ಮೂರಿನ ಬಡಗಿ. ‘ನಾಲ್ಕು ಪೆಟ್ಟಿಗೆಗೆ ಕಂಪ್ರೆಸರ್ ಯಾಕೆ ಮಾರಾಯ’ ಎಂದು ಎರಡು ವರ್ಷ ಹೇಳಿದವರೂ ಅವರೇ. ಮರುದಿನ ಬಂದು ಗನ್ನಿನ ರೇಟು ಕೇಳಿದರು. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು.

ನಾನು ತುಡುವೆ ಜೇನಿಗೆ ಪೆಟ್ಟಿಗೆ ಮಾಡುತ್ತೇನೆ. ಕೆಳಗೆ ಎಂಟು, ಮೇಲೆ ಎಂಟು, ಒಟ್ಟು ಹದಿನಾರು ಚೌಕಟ್ಟು. ಒಂದು ಚೌಕಟ್ಟಿಗೆ ಎಂಟು ಮೊಳೆ ಹಿಡಿದರೆ ಪೆಟ್ಟಿಗೆಗೆ ನೂರಮೂವತ್ತರ ಹತ್ತಿರ. ಪಕ್ಕದ ಪಟ್ಟಿ ಬರೀ 9 ಮಿ.ಮೀ. ದಪ್ಪ. ಮರ ಹೆಚ್ಚಾಗಿ ಸಿಲ್ವರ್ ಓಕ್, ಸಿಕ್ಕಾಗ ಹಲಸು. ಸುತ್ತಿಗೆಯಲ್ಲಿ ಹೊಡೆದರೆ ಸಿಲ್ವರ್ ಓಕಿನ ತುದಿ ಸೀಳುತ್ತದೆ. ಮೊದಲೇ ತೂತು ಕೊರೆದರೆ ಸೀಳುವುದಿಲ್ಲ, ಆದರೆ ನೂರಮೂವತ್ತು ತೂತು ಕೊರೆಯುತ್ತಾ ಕೂತರೆ ಎರಡು ಸಂಜೆ ಹೋಗುತ್ತದೆ. ಕೊರೆಯದೆ ಹೊಡೆದರೆ ಹತ್ತು ಪಟ್ಟಿಗೆ ಎರಡಾದರೂ ಸೀಳಿ ಒಲೆಗೆ ಹೋಗುತ್ತಿದ್ದವು.

ಮೊದಲು ತಂದದ್ದು ಕೈಯಲ್ಲಿ ಅದುಮುವ ಸ್ಟೇಪಲ್ ಗನ್. ಸೋಫಾ ಬಟ್ಟೆಗೆ ಅದು ಸರಿ. ಮರಕ್ಕೆ ಮೊಳೆ ಅರ್ಧವೂ ಇಳಿಯಲಿಲ್ಲ. ಏಳುನೂರು ರೂಪಾಯಿ ಹೋಯಿತು.

ಆಮೇಲೆ ವೈರಿರುವ ಎಲೆಕ್ಟ್ರಿಕ್ ಗನ್, ಸುಮಾರು ಮೂರೂವರೆ ಸಾವಿರ. ಆನ್‌ಲೈನ್ ವಿಡಿಯೋದಲ್ಲಿ ಬೆಣ್ಣೆಗೆ ಹೊಡೆದ ಹಾಗೆ ಹೊಡೆಯುತ್ತಿತ್ತು. ನಮ್ಮ ಮನೆಯಲ್ಲಿ ಸಂಜೆ ವೋಲ್ಟೇಜ್ 170-180ಕ್ಕೆ ಇಳಿಯುತ್ತದೆ. ಆಗ ಅದೇ ಗನ್ನಿನ ಮೊಳೆ 4-5 ಮಿ.ಮೀ. ಮೇಲೆಯೇ ನಿಲ್ಲುತ್ತಿತ್ತು. ಬೆಳಿಗ್ಗೆ ಹೊಡೆದರೆ ಪರವಾಗಿಲ್ಲ, ಸಂಜೆ ಹೊಡೆದರೆ ಪ್ರತಿ ಮೊಳೆಯನ್ನೂ ಸುತ್ತಿಗೆಯಿಂದ ಕೂರಿಸಬೇಕು. ಹೊಡೆದಾಗ ಗನ್ ಮೇಲಕ್ಕೆ ಚಿಮ್ಮುತ್ತದೆ, ಮರದ ಮೇಲೆ ಎರಡನೇ ಗಾಯ ಬೀಳುತ್ತದೆ. ಎರಡು ಸಾವಿರ ಮೊಳೆ ಆಗುವಷ್ಟರಲ್ಲಿ ಒಳಗಿನ ಬ್ಲೇಡು ತುಂಡಾಯಿತು. ಬಿಡಿಭಾಗ ಕೇಳಿದರೆ ‘ಹೊಸದೇ ತಗೊಳ್ಳಿ’ ಅಂದರು. ವೋಲ್ಟೇಜ್ ಗಟ್ಟಿಯಾಗಿರುವ ಪೇಟೆ ಮನೆಯಲ್ಲಿ, ಪ್ಲೈವುಡ್ಡಿಗೆ ಬೀಡಿಂಗ್ ಹೊಡೆಯಲು ಅದು ಸಾಕಾಗಬಹುದು. ನನಗೆ ಸಾಕಾಗಲಿಲ್ಲ.

ಬ್ಯಾಟರಿ ಗನ್ನನ್ನು ಗೆಳೆಯನಿಂದ ಒಂದು ವಾರ ತಂದು ನೋಡಿದೆ. ಒಳ್ಳೆಯ ಸಾಮಾನು, ಅದರಲ್ಲಿ ಅನುಮಾನ ಇಲ್ಲ. ಆದರೆ ಬ್ಯಾಟರಿ ಸೇರಿ ಮೂರು ಕೆಜಿ ಹತ್ತಿರ ತೂಗುತ್ತದೆ. ಅರ್ಧ ಗಂಟೆಗೆ ಮಣಿಕಟ್ಟು ನೋವು ಬಂತು. ಬ್ಯಾಟರಿ, ಚಾರ್ಜರ್ ಎಲ್ಲ ಸೇರಿ ಇಪ್ಪತ್ತು ಸಾವಿರದ ಮೇಲೆ ಹೋಗುತ್ತಿತ್ತು. ವಾಪಸ್ ಕೊಟ್ಟೆ.

ಕೊನೆಗೆ ಗಾಳಿ ಗನ್ನಿಗೇ ಬಂದೆ. ಅಲ್ಲೂ ಮೊದಲು ತಪ್ಪು ಮಾಡಿದೆ. ಅಂಗಡಿಯಲ್ಲಿ ‘ಇದು ಗಟ್ಟಿ’ ಅಂದರು ಅಂತ 16 ಗೇಜಿನ ಟಿ50 ಅನ್ನುವ ಗನ್ ತಂದೆ (ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ಮೊಳೆ ತೆಳು). ಬಾಗಿಲ ಚೌಕಟ್ಟಿನ ಪಟ್ಟಿಗೆ, ಮಂಚದ ಹಲಗೆಗೆ ಅದು ಬೇಕು. ನನ್ನ 9 ಮಿ.ಮೀ. ಪಟ್ಟಿಯನ್ನು ಸುತ್ತಿಗೆಗಿಂತ ನೀಟಾಗಿ ಸೀಳಿತು. ಈಗ ಅದು ತಮ್ಮನ ಮನೆಯಲ್ಲಿದೆ. ಮತ್ತೆ ಹೋಗಿ 18 ಗೇಜಿನ ಎಫ್30 ತಂದೆ, ಸಾವಿರದ ಏಳುನೂರೋ ಎಂಟುನೂರೋ ಆಯಿತು. 10ರಿಂದ 30 ಮಿ.ಮೀ. ಮೊಳೆ ತಿನ್ನುತ್ತದೆ. ನಾನು ಹೆಚ್ಚಾಗಿ ಹೊಡೆಯುವುದು 25. ಮನೆಯಲ್ಲಿ ಫೋಟೋ ಫ್ರೇಮ್, ಡ್ರಾಯರ್, ಶೆಲ್ಫು ಮಾಡುವವರಿಗೂ ನಾನು ಹೇಳುವುದು ಇದನ್ನೇ. ಗನ್ ಎಷ್ಟು ಬಲ ಅಂತ ಕೇಳಬೇಡಿ. ನಿಮ್ಮ ತೆಳ್ಳನೆಯ ಪಟ್ಟಿ ಎಷ್ಟು ಮಿ.ಮೀ., ಸಂಜೆ ವೋಲ್ಟೇಜ್ ಎಷ್ಟು, ಇವೆರಡನ್ನು ಅಳೆದುಕೊಂಡು ಅಂಗಡಿಗೆ ಹೋಗಿ.

ಕಂಪ್ರೆಸರ್ 24 ಲೀಟರಿನದು, ಆಯಿಲ್ ಬೇಡದ್ದು, ಎಂಟೂವರೆ ಸಾವಿರ. ಪೈಪು, ಕಪ್ಲರ್ ಆರುನೂರು. ಮೊದಲ ವಾರವೇ ಕಾಟ ಕೊಟ್ಟಿತು. ಟ್ಯಾಂಕಿನಲ್ಲಿ ಗಾಳಿ ಇದ್ದಾಗ ಕಡಿಮೆ ವೋಲ್ಟೇಜಿಗೆ ಮೋಟಾರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಕೆಪಾಸಿಟರ್ ಒಂದು ಸುಟ್ಟಿತು. ಆಮೇಲೆ ಗೊತ್ತಾಯಿತು, ತಪ್ಪು ಅರ್ಧ ನನ್ನ ತೆಳು ಎಕ್ಸ್‌ಟೆನ್ಶನ್ ವೈರಿನದು. 2.5 ಸ್ಕ್ವೇರ್ ಮಿ.ಮೀ. ವೈರ್ ಎಳೆಸಿದೆ. ಮಧ್ಯಾಹ್ನ ವೋಲ್ಟೇಜ್ ಚೆನ್ನಾಗಿರುವಾಗ ಟ್ಯಾಂಕ್ ತುಂಬಿಸಿಟ್ಟುಕೊಳ್ಳುತ್ತೇನೆ. ತುಂಬಿದ ಟ್ಯಾಂಕಿಗೆ ಸುಮಾರು ನೂರು ಮೊಳೆ ಲೆಕ್ಕ. ಕೊನೆಯ ಹತ್ತಿಪ್ಪತ್ತು ಸ್ವಲ್ಪ ಮೇಲೆ ನಿಲ್ಲುತ್ತವೆ, ಅವನ್ನು ಸುತ್ತಿಗೆಗೆ ಕೊಡಬೇಕು. ಅಂದರೆ ಹಗಲಿನ ಕರೆಂಟನ್ನೇ ಗಾಳಿ ಮಾಡಿ ಸಂಜೆಗೆ ಎತ್ತಿಟ್ಟ ಹಾಗಾಯಿತು ಅಲ್ವಾ. ಎಲೆಕ್ಟ್ರಿಕ್ ಗನ್ನಿಗೆ ಈ ಸುಖ ಇಲ್ಲ.

ಒತ್ತಡ ಎಷ್ಟಿಡಬೇಕು ಅನ್ನುವುದಕ್ಕೆ ಒಂದು ಭಾನುವಾರ ಪೂರ್ತಿ ಚೂರು ಮರದ ಮೇಲೆ ಕಳೆದೆ. 60, 70, 80, 90 ಪಿಎಸ್‌ಐ, ಒಂದೊಂದಕ್ಕೆ ಹತ್ತು ಮೊಳೆ. ಸಿಲ್ವರ್ ಓಕಿಗೆ 70 ಸಾಕು. 90ಕ್ಕೆ ಏರಿಸಿದರೆ ಮೊಳೆಯ ತಲೆ ತುಂಬಾ ಆಳಕ್ಕೆ ಹೋಗಿ ತೆಳು ಪಟ್ಟಿ ಹಿಡಿತ ಬಿಡುತ್ತದೆ. ಹಳೆಯ ಒಣ ಹಲಸಿಗೆ 90 ಇಟ್ಟರೂ ಹತ್ತರಲ್ಲಿ ಮೂರ್ನಾಲ್ಕು ಮೊಳೆ ಬಗ್ಗಿದವು. 25ರ ಬದಲು 20 ಮಿ.ಮೀ. ಹಾಕಿದ ಮೇಲೆ ಬಗ್ಗುವುದು ಕಡಿಮೆಯಾಯಿತು. ಅದೇ ಹುರುಪಿನಲ್ಲಿ ತಲೆ ಇಲ್ಲದ 23 ಗೇಜಿನ ಪಿನ್ ಗನ್ನನ್ನೂ ತಂದೆ. ಮುಚ್ಚಳದ ಅಂಚಿನ ಪಟ್ಟಿಗೆ ಚೆಂದ, ತೂತೇ ಕಾಣಿಸುವುದಿಲ್ಲ. ಅಂಟು ಒಣಗುವ ತನಕ ಹಿಡಿದಿಡುತ್ತದೆ, ಅಷ್ಟೇ. ಮೊದಲನೇ ಗನ್ ಅಂತ ಅದನ್ನು ಕೊಳ್ಳಬೇಡಿ.

ಜೇನು ಸಾಕುವ ಗೆಳೆಯರ ಅನುಮಾನ ಬೇರೆ ಇತ್ತು. ಇಷ್ಟು ಸಣ್ಣ ಮೊಳೆ, ಮೇಣ ಅಂಟಿದ ಚೌಕಟ್ಟನ್ನು ಎಳೆದರೆ ಮೇಲಿನ ಪಟ್ಟಿ ಒಂದೇ ಕೈಗೆ ಬರುತ್ತದೆ ಅಂದರು. ಸುಮ್ನೆ ವಾದ ಮಾಡಲಿಲ್ಲ. ಎರಡು ಚೌಕಟ್ಟು ಮಾಡಿದೆ, ಒಂದಕ್ಕೆ ನೀರಿಗೆ ಬಿಡದ ಅಂಟು ಮತ್ತು ಮೊಳೆ, ಇನ್ನೊಂದಕ್ಕೆ ಬರೀ ಮೊಳೆ. ಜಂತಿಗೆ ನೇತುಹಾಕಿ ಕೆಳಗಿನ ಪಟ್ಟಿಗೆ ಬಕೆಟ್ ಕಟ್ಟಿ ನೀರು ಹೊಯ್ದೆ. ಬರೀ ಮೊಳೆಯದ್ದು ಆರೇಳು ಲೀಟರಿಗೆ ಬಾಯಿ ಬಿಟ್ಟಿತು. ಅಂಟು ಹಾಕಿದ್ದು ಹತ್ತು ಲೀಟರ್ ಹೊತ್ತು ಇಡೀ ರಾತ್ರಿ ನಿಂತಿತು. ಅಂಟು ಒಣಗಿದ ಮೇಲೆ ಭಾರ ಹೊರುವುದು ಅಂಟೇ. ಜೊತೆಗೆ ಮೇಲಿನಿಂದ ಹೊಡೆದ ಮೊಳೆಯಲ್ಲದೆ ಪಕ್ಕದ ಪಟ್ಟಿಯಿಂದ ಮೇಲಿನ ಪಟ್ಟಿಗೆ ಅಡ್ಡಲಾಗಿ ಒಂದೊಂದು ಹೊಡೆಯುತ್ತೇನೆ. ಅಂಟು ಬಿಟ್ಟರೂ ಎಳೆತಕ್ಕೆ ತಡೆಯುವುದು ಆ ಅಡ್ಡ ಮೊಳೆ. ಹೋದ ವರ್ಷ ಕೊಟ್ಟ ಇಪ್ಪತ್ತೈದು ಪೆಟ್ಟಿಗೆಯಲ್ಲಿ ಒಂದು ಚೌಕಟ್ಟೂ ಬಿಚ್ಚಿಕೊಂಡು ವಾಪಸ್ ಬಂದಿಲ್ಲ.

ಒಂದು ಗಾಯದ ವಿಷಯ ಹೇಳಲೇಬೇಕು. ಪಟ್ಟಿಯ ತುದಿಯನ್ನು ಎಡಗೈಯ ತೋರುಬೆರಳಲ್ಲಿ ಒತ್ತಿ ಹಿಡಿದು ಮೇಲಿನಿಂದ ಹೊಡೆದೆ. ಮೊಳೆ ಮರದ ಎಳೆಯ ಜೊತೆ ತಿರುಗಿ ಪಕ್ಕದಿಂದ ಹೊರಗೆ ಬಂತು, ಉಗುರಿನ ಪಕ್ಕಕ್ಕೇ ಹೊಕ್ಕಿತು. ಸದ್ದು ಕೇಳಿತು, ನೋವು ಗೊತ್ತಾಗಲು ಒಂದು ಕ್ಷಣ ಹಿಡಿಯಿತು. ಇಕ್ಕಳದಿಂದ ಮೊಳೆ ಕಿತ್ತು ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ಬಂದೆ. ಅವತ್ತಿನಿಂದ ಮೊಳೆ ಎಷ್ಟು ಉದ್ದವೋ ಅದರ ಎರಡು ಪಟ್ಟು ದೂರ ಬೆರಳಿಡುತ್ತೇನೆ, ಕಣ್ಣು ಕಾಯುವ ಕನ್ನಡಕ ತೆಗೆಯುವುದಿಲ್ಲ. ಇಂಥ ಅಗ್ಗದ ಗನ್ನುಗಳಲ್ಲಿ ಹಲವಕ್ಕೆ ಮೂಗಿನ ಸೇಫ್ಟಿಯೇ ಇರುವುದಿಲ್ಲ, ಅಂದರೆ ಗನ್ನಿನ ಮೂತಿಯನ್ನು ಮರಕ್ಕೆ ಒತ್ತದಿದ್ದರೂ ಮೊಳೆ ಹಾರುತ್ತದೆ. ಮೊಳೆ ಸಿಕ್ಕಿಕೊಂಡರೆ ಮೊದಲು ಪೈಪು ಬಿಚ್ಚಿ, ಆಮೇಲೆ ಕೈ ಹಾಕಿ.

ಮೊಳೆಯ ತುದಿ ಉಳಿಯ ಹಾಗೆ ಚಪ್ಪಟೆ ಇರುತ್ತದೆ. ಗನ್ನನ್ನು ಯಾವ ಕಡೆ ತಿರುಗಿಸಿ ಹಿಡಿಯುತ್ತೀರೋ ಅದರ ಮೇಲೆ ಮೊಳೆ ಹೊರಳುವ ದಿಕ್ಕು ನಿಂತಿದೆ. ನಾನು ಹಿಡಿಯುವ ಕ್ರಮ ನನ್ನ ಹತ್ತಿರವೇ ಇರಲಿ. ಚೂರು ಮರಕ್ಕೆ ಎರಡೂ ರೀತಿ ಇಪ್ಪತ್ತು ಮೊಳೆ ಹೊಡೆದು ಸೀಳಿ ನೋಡಿ, ನಿಮಗೇ ಕಾಣುತ್ತದೆ. ಹದಿನಾರು ಚೌಕಟ್ಟನ್ನು ಒಟ್ಟಿಗೆ ಹಿಡಿಯುವ ನನ್ನ ಜಿಗ್ಗಿನ ಅಳತೆಯನ್ನೂ ಕೊಡುವುದಿಲ್ಲ, ಅದಕ್ಕೆ ನನ್ನ ಎರಡು ಮಳೆಗಾಲ ಹೋಗಿದೆ. ಎರಡು ಸಂಜೆಯ ಕೆಲಸ ಈಗ ಮುಕ್ಕಾಲು ಗಂಟೆಗೆ ಮುಗಿಯುತ್ತದೆ.

ಒಟ್ಟು ಲೆಕ್ಕ: ಕೆಲಸಕ್ಕೆ ಬಂದ ಗನ್, ಕಂಪ್ರೆಸರ್, ಪೈಪು ಸೇರಿ ಹನ್ನೊಂದು ಸಾವಿರ. ದಾರಿಯಲ್ಲಿ ಕಳೆದದ್ದು ಆರು ಸಾವಿರದ ಮೇಲೆ. ಐದು ಸಾವಿರ ಮೊಳೆಯ ಡಬ್ಬಿ ನಾನು ತಂದಾಗ ಮುನ್ನೂರು ರೂಪಾಯಿ ಒಳಗಿತ್ತು. ದಿನಾ ಕೆಲಸ ಶುರು ಮಾಡುವ ಮೊದಲು ಗನ್ನಿಗೆ ಎರಡು ಹನಿ ಎಣ್ಣೆ, ಮುಗಿದ ಮೇಲೆ ಟ್ಯಾಂಕಿನ ಕೆಳಗಿನ ತಿರುಪು ಬಿಚ್ಚಿ ನೀರು ಬಿಡುವುದು. ಮಳೆಗಾಲದಲ್ಲಿ ನೀರು ಇನ್ನೂ ಹೆಚ್ಚು ಬರುತ್ತದೆ.

ಇನ್ನೂ ಬಗೆಹರಿಯದ್ದು ತುಕ್ಕು. ಸಾದಾ ಮೊಳೆ ಒಂದೇ ಮಳೆಗಾಲಕ್ಕೆ ಪೆಟ್ಟಿಗೆಯ ಹೊರಮೈಯಲ್ಲಿ ಕಪ್ಪು ಚುಕ್ಕೆ ಬಿಡುತ್ತದೆ. ಸ್ಟೇನ್‌ಲೆಸ್ ಮೊಳೆಗೆ ಬೆಲೆ ತುಂಬಾ ಜಾಸ್ತಿ. ಈ ಜೂನ್‌ನಲ್ಲಿ ತೋಟದ ಕಟ್ಟೆಯ ಮೇಲೆ ಎರಡು ಖಾಲಿ ಪೆಟ್ಟಿಗೆ ಪಕ್ಕಪಕ್ಕ ಇಟ್ಟಿದ್ದೇನೆ, ಒಂದರಲ್ಲಿ ಸಾದಾ ಮೊಳೆ, ಒಂದರಲ್ಲಿ ಸ್ಟೇನ್‌ಲೆಸ್. ದೀಪಾವಳಿ ಹೊತ್ತಿಗೆ ಎರಡನ್ನೂ ಬಿಚ್ಚಿ ನೋಡುತ್ತೇನೆ.